‘ನನಗೇನೂ ಆಗಿಲ್ಲ’ ಎನ್ನುವ ಮುನ್ನ

ಸಿಗರೇಟಿನ ಬಗ್ಗೆ ನಮ್ಮ ವಯಸ್ಸಿನವರ ಜತೆ ಮಾತಿಗಿಳಿದರೆ ಎರಡೇ ನಿಮಿಷಕ್ಕೆ ಬರುವ ಉತ್ತರ ಒಂದೇ: ‘ಐದು ವರ್ಷದಿಂದ ಸೇದ್ತಿದ್ದೀನಿ, ನನಗೇನೂ ಆಗಿಲ್ಲ.’ ಕೆಮ್ಮಿಲ್ಲ, ಉಬ್ಬಸವಿಲ್ಲ, ಎಕ್ಸ್‌ರೇ ತೆಗೆಸಿದರೂ ಎಲ್ಲ ಸರಿಯಾಗಿದೆ. ಪ್ಯಾಕೆಟ್ಟಿನ ಮೇಲಿರುವ ಆ ಭಯಂಕರ ಚಿತ್ರ ಯಾರೋ ಬೇರೆಯವರದು. ಈ ಮಾತನ್ನು ನಾನು ಕಾಲೇಜು ಕ್ಯಾಂಟೀನಿನಲ್ಲಿ ಕೇಳಿದ್ದೇನೆ. ಅವೆನ್ಯೂ ರಸ್ತೆಯಲ್ಲಿ ಬ್ಯಾಂಕ್, ಕೆಪಿಎಸ್‌ಸಿ ಪರೀಕ್ಷೆಯ ಹಳೇ ಪುಸ್ತಕ ಹುಡುಕಿ ಸುಸ್ತಾದ ಗೆಳೆಯರು ಬೈಟು ಕಾಫಿ ಹಿಡಿದು ನಿಂತಾಗ ಕೇಳಿದ್ದೇನೆ. ಚಿಕ್ಕಪೇಟೆಯ ನಮ್ಮ ಮನೆಯಲ್ಲೂ ಕೇಳುತ್ತಿದ್ದೇನೆ. ದೊಡ್ಡಪ್ಪನ ಮಗ, ನನಗಿಂತ ಎರಡು ವರ್ಷ ದೊಡ್ಡವನಾದ ಅಣ್ಣ, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ತಯಾರಿ ನಡೆಸಿದ್ದಾನೆ. ದಿನಕ್ಕೆ ಏಳೆಂಟು ಸಿಗರೇಟು. ‘ನೀನು ಓದಿರೋದು ಪುಸ್ತಕದಲ್ಲಿ ಕಣೇ, ನಾನು ದಿನಾ ಓಡ್ತೀನಿ, ನನಗೇನೂ ಆಗಿಲ್ಲ’ ಎನ್ನುವುದು ಅವನ ವಾದ.

ಬಯೋಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಓದುತ್ತಿರುವ ನನಗೆ ಅವನ ಮಾತು ಸುಳ್ಳು ಅನ್ನಿಸುವುದಿಲ್ಲ. ಅರ್ಧ ಮಾತ್ರ ನಿಜ ಅನ್ನಿಸುತ್ತದೆ. ಅವನಿಗೆ ಏನೂ ಗೊತ್ತಾಗದಂತೆ ನೋಡಿಕೊಳ್ಳಲು ಅವನ ಶ್ವಾಸಕೋಶದ ಜೀವಕೋಶಗಳು ಒಳಗೆ ಹಗಲಿರುಳು ದುಡಿಯುತ್ತಿವೆ. ಆ ದುಡಿಮೆ ಹೇಗೆ ನಡೆಯುತ್ತದೆ, ಎಲ್ಲಿಯವರೆಗೆ ನಡೆಯುತ್ತದೆ ಎನ್ನುವುದು ನಾನು ಓದಿದ ಪಾಠಗಳಲ್ಲೇ ನನಗೆ ಹೆಚ್ಚು ಹಿಡಿಸಿದ ಪಾಠ. ಸೇದುವವರಿಗೂ ಅವರ ಪಕ್ಕ ನಿಲ್ಲುವವರಿಗೂ ಇದು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಒಂದು ದಮ್ಮಿನಲ್ಲಿ ಬರುವ ದಂಡು

ಎದೆಗೂಡಿನೊಳಗಿನ ಎರಡು ಶ್ವಾಸಕೋಶಗಳಲ್ಲಿ ಸುಮಾರು 30ರಿಂದ 50 ಕೋಟಿ ಪುಟ್ಟ ಗಾಳಿಚೀಲಗಳಿವೆ. ಅವನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್ ಆಗುತ್ತದೆ. ಅಂದರೆ ಬೆಂಗಳೂರಿನ ಒಂದು ಸಣ್ಣ ಎರಡು ಬೆಡ್‌ರೂಮಿನ ಮನೆಯಷ್ಟು ನೆಲ. ಗಾಳಿಗೂ ರಕ್ತಕ್ಕೂ ನಡುವೆ ಇರುವ ಗೋಡೆ ಅತಿ ತೆಳು, ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟು ತೆಳುವಾಗಿದ್ದರೆ ಮಾತ್ರ ಆಮ್ಲಜನಕ ಸಲೀಸಾಗಿ ದಾಟುತ್ತದೆ. ದೇಹದ ಬೇರಾವ ಭಾಗವೂ ಹೊರಗಿನ ಗಾಳಿಗೆ ಇಷ್ಟು ತೆರೆದುಕೊಂಡಿಲ್ಲ.

ಸಿಗರೇಟಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದವು ಫ್ರೀ ರ‍್ಯಾಡಿಕಲ್‌ಗಳು. ಅಣುಗಳಲ್ಲಿ ಎಲೆಕ್ಟ್ರಾನ್‌ಗಳು ಸಾಮಾನ್ಯವಾಗಿ ಜೋಡಿಯಾಗಿರುತ್ತವೆ. ಫ್ರೀ ರ‍್ಯಾಡಿಕಲ್‌ನಲ್ಲಿ ಒಂದು ಎಲೆಕ್ಟ್ರಾನ್ ಒಂಟಿ. ಅದು ಪಕ್ಕದ ಅಣುವಿನಿಂದ ಇನ್ನೊಂದನ್ನು ಕಿತ್ತುಕೊಳ್ಳುತ್ತದೆ. ಕಳೆದುಕೊಂಡ ಅಣು ಇನ್ನೊಬ್ಬರ ಮೇಲೆ ಬೀಳುತ್ತದೆ. ಹೀಗೆ ಸರಪಣಿ ಬೆಳೆಯುತ್ತದೆ. ಕೊಯ್ದಿಟ್ಟ ಬದನೆಕಾಯಿ ಕಪ್ಪಾಗುವುದು, ಕಬ್ಬಿಣ ತುಕ್ಕು ಹಿಡಿಯುವುದು ಇದೇ ಜಾತಿಯ ಕ್ರಿಯೆ. ಪಠ್ಯದಲ್ಲಿ ನಾವು ಓದಿದ ‘ಉತ್ಕರ್ಷಣ’ ಎಂದರೆ ಇದೇ. ಅದು ನಮ್ಮ ಜೀವಕೋಶದ ಪೊರೆಯಲ್ಲಿ, ಪ್ರೋಟೀನಿನಲ್ಲಿ, ಡಿಎನ್‌ಎಯಲ್ಲಿ ನಡೆದರೆ ಆ ಸ್ಥಿತಿಗೆ ಆಕ್ಸಿಡೇಟಿವ್ ಒತ್ತಡ ಎನ್ನುತ್ತಾರೆ.

ಒಂದೇ ಒಂದು ದಮ್ಮು ಎಳೆದರೆ ಒಳಹೋಗುವ ಫ್ರೀ ರ‍್ಯಾಡಿಕಲ್‌ಗಳ ಸಂಖ್ಯೆ ಸುಮಾರು ಒಂದರ ಮುಂದೆ 15 ಸೊನ್ನೆ, ಅಂದರೆ ಹತ್ತು ಕೋಟಿ ಕೋಟಿ ಎಂದು ವಿಜ್ಞಾನಿಗಳು 1980ರ ದಶಕದಲ್ಲೇ ಲೆಕ್ಕ ಹಾಕಿದ್ದಾರೆ. ಅದರ ಜತೆಗೆ ಶ್ವಾಸಕೋಶಕ್ಕೆ ಅಂಟುವ ಟಾರ್ ಬೇರೆ. ಹೊಗೆಯನ್ನು ಹೊರಗೆ ಬಿಟ್ಟ ಮೇಲೂ ಟಾರ್ ಒಳಗೇ ಉಳಿದು ಇನ್ನಷ್ಟು ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತಿರುತ್ತದೆ. ಬೀಡಿಯಾದರೂ ಅಷ್ಟೇ. ಎಲೆ ಬೇಗ ಆರಿಹೋಗುವುದರಿಂದ ಪದೇ ಪದೇ, ಜೋರಾಗಿ ಎಳೆಯಬೇಕಾಗುತ್ತದೆ.

ಇಷ್ಟು ದಂಡು ನುಗ್ಗಿದರೂ ನನ್ನ ಅಣ್ಣ ಮರುದಿನ ಎದ್ದು ಮೈದಾನಕ್ಕೆ ಹೋಗುತ್ತಾನೆ. ಹೇಗೆ?

ಮೊದಲ ಸಾಲಿನ ಕಾವಲು

ಶ್ವಾಸನಾಳದ ಒಳಗೋಡೆಯ ಮೇಲೆ ಲೋಳೆಯ ಪದರವಿದೆ. ಅದರಡಿಯಲ್ಲಿ ಕೋಟ್ಯಂತರ ಸೂಕ್ಷ್ಮ ರೋಮಗಳು ಒಂದೇ ದಿಕ್ಕಿಗೆ ಬೀಸುತ್ತಾ, ಸಿಕ್ಕಿಬಿದ್ದ ದೂಳನ್ನು ಗಂಟಲ ಕಡೆಗೆ ತಳ್ಳುತ್ತವೆ. ಇದು ಕಸ ಗುಡಿಸುವ ವ್ಯವಸ್ಥೆ. ಆದರೆ ಫ್ರೀ ರ‍್ಯಾಡಿಕಲ್‌ಗಳನ್ನು ಗುಡಿಸಲಾಗದು, ಬಂದ ಜಾಗದಲ್ಲೇ ಆರಿಸಬೇಕು. ಆ ಕೆಲಸ ಮಾಡುವ ದ್ರವವೊಂದು ಗಾಳಿಚೀಲದ ಒಳಗೋಡೆಗೆ ತೆಳುವಾಗಿ ಲೇಪಿಸಿಕೊಂಡಿದೆ. ಅದರಲ್ಲಿ ವಿಟಮಿನ್ ಸಿ ಇದೆ, ಯೂರಿಕ್ ಆಮ್ಲವಿದೆ. ಎಲ್ಲಕ್ಕಿಂತ ಮುಖ್ಯವಾಗಿ ಗ್ಲುಟಾಥಯೋನ್ ಇದೆ.

ಗ್ಲುಟಾಥಯೋನ್ ತೀರಾ ಸಣ್ಣ ಅಣು. ಗ್ಲುಟಮೇಟ್, ಸಿಸ್ಟೀನ್, ಗ್ಲೈಸಿನ್ ಎಂಬ ಮೂರು ಅಮೈನೊ ಆಮ್ಲಗಳನ್ನು ಪೋಣಿಸಿದರೆ ಅದು ಸಿದ್ಧ. ಸಿಸ್ಟೀನಿನ ತುದಿಯಲ್ಲಿರುವ ಗಂಧಕವೇ ಅದರ ಬಲ. ತನ್ನ ಎಲೆಕ್ಟ್ರಾನನ್ನು ತಾನೇ ಮುಂದೆ ಬಂದು ಕೊಟ್ಟು, ರ‍್ಯಾಡಿಕಲ್ ಬೇರಾರ ಮೇಲೂ ಬೀಳದಂತೆ ತಡೆಯುತ್ತದೆ. ಅಮೆರಿಕದ ವಿಜ್ಞಾನಿಗಳು 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶ್ವಾಸಕೋಶದ ಈ ದ್ರವದಲ್ಲಿ ರಕ್ತದ ಪ್ಲಾಸ್ಮಾದಲ್ಲಿರುವುದಕ್ಕಿಂತ 100 ಪಟ್ಟಿಗೂ ಹೆಚ್ಚು ಗ್ಲುಟಾಥಯೋನ್ ಕಂಡುಬಂತು. ಗಾಳಿಗೆ ತೆರೆದುಕೊಂಡ ಅಂಗವಾದ್ದರಿಂದ ದೇಹ ಅಲ್ಲಿ ಮೊದಲೇ ದಾಸ್ತಾನು ಮಾಡಿಟ್ಟಿದೆ.

ಇದರ ಹಿಂದೆ ಕಿಣ್ವಗಳ ಸಾಲಿದೆ. ಸೂಪರಾಕ್ಸೈಡ್ ಎಂಬ ರ‍್ಯಾಡಿಕಲ್ ಬಂದರೆ ಅದನ್ನು ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಕಿಣ್ವ ಹೈಡ್ರೋಜನ್ ಪೆರಾಕ್ಸೈಡ್ ಆಗಿ ಬದಲಿಸುತ್ತದೆ. ಪೆರಾಕ್ಸೈಡ್ ಕೂಡ ಒಳ್ಳೆಯದಲ್ಲ. ಕಬ್ಬಿಣದ ಅಂಶ ಸಿಕ್ಕರೆ ಅದು ಇನ್ನೂ ಉಗ್ರವಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಆಗುತ್ತದೆ. ಹಾಗಾಗುವ ಮುನ್ನವೇ ಕ್ಯಾಟಲೇಸ್ ಮತ್ತು ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವಗಳು ಅದನ್ನು ಬರೀ ನೀರಾಗಿಸುತ್ತವೆ. ಎಲೆಕ್ಟ್ರಾನ್ ಕೊಟ್ಟು ಖಾಲಿಯಾದ ಎರಡು ಗ್ಲುಟಾಥಯೋನ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇನ್ನೊಂದು ಕಿಣ್ವ ಅವನ್ನು ಬಿಡಿಸಿ ಮತ್ತೆ ಕೆಲಸಕ್ಕೆ ಹಚ್ಚುತ್ತದೆ. ಇದಕ್ಕೆ ಬೇಕಾದ ಶಕ್ತಿ ನಾವು ತಿಂದ ಅನ್ನ, ಮುದ್ದೆಯ ಗ್ಲೂಕೋಸಿನಿಂದಲೇ ಬರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಸಾಮಾನ್ಯ ಉತ್ಕರ್ಷಣದಲ್ಲಿ ಖರ್ಚಾದ ಗ್ಲುಟಾಥಯೋನ್ ಹರಿದ ನೋಟಿದ್ದಂತೆ, ಬ್ಯಾಂಕಿಗೆ ಕೊಟ್ಟರೆ ಬದಲಿ ನೋಟು ಸಿಗುತ್ತದೆ. ಆದರೆ ಸಿಗರೇಟಿನ ಹೊಗೆಯಲ್ಲಿ ಅಕ್ರೋಲೀನ್‌ನಂಥ ಆಲ್ಡಿಹೈಡ್‌ಗಳಿವೆ. ಎಣ್ಣೆ ಸುಟ್ಟಾಗ ಮೂಗಿಗೆ ಹೊಡೆಯುವ ಆ ಘಾಟಿನಲ್ಲಿರುವುದೂ ಅಕ್ರೋಲೀನೇ. ಇವು ಗ್ಲುಟಾಥಯೋನಿಗೆ ಗಟ್ಟಿಯಾಗಿ ಅಂಟಿಕೊಂಡರೆ ಬಿಡಿಸಲಾಗದು. ಅದು ಬೆಂಕಿಗೆ ಬಿದ್ದ ನೋಟು. ಮರುಬಳಕೆ ಇಲ್ಲ, ಹೊಸದನ್ನೇ ತಯಾರಿಸಬೇಕು.

ಹೊಗೆ ಬಂದರೆ ಬಾರಿಸುವ ಗಂಟೆ

ಹೊಸದನ್ನು ತಯಾರಿಸಲು ಆದೇಶ ಕೊಡುವವರು ಯಾರು? ಎನ್‌ಆರ್‌ಎಫ್2 ಎಂಬ ಪ್ರೋಟೀನು. ಸಾಮಾನ್ಯ ದಿನಗಳಲ್ಲಿ ಅದು ಹುಟ್ಟಿದ ಸುಮಾರು 20 ನಿಮಿಷಗಳಲ್ಲೇ ನಾಶವಾಗುತ್ತದೆ. ಕೀಪ್1 ಎಂಬ ಇನ್ನೊಂದು ಪ್ರೋಟೀನು ಅದನ್ನು ಹಿಡಿದು, ಹಳೆಯ ಪ್ರೋಟೀನುಗಳನ್ನು ಒಡೆಯುವ ಯಂತ್ರಕ್ಕೆ ಒಪ್ಪಿಸುತ್ತಲೇ ಇರುತ್ತದೆ. ತುರ್ತಿಲ್ಲದಾಗ ಈ ಆದೇಶ ಬೇಕಿಲ್ಲವಲ್ಲ.

ಕೀಪ್1ನ ಮೈಮೇಲೆ ಗಂಧಕದ ಹಲವು ತುದಿಗಳಿವೆ. ಹೊಗೆಯ ರಾಸಾಯನಿಕಗಳು ಆ ತುದಿಗಳಿಗೆ ತಾಗಿದ ಕೂಡಲೇ ಕೀಪ್1ನ ಆಕಾರ ಕೆಟ್ಟು ಅದರ ಕೆಲಸ ನಿಲ್ಲುತ್ತದೆ. ಎನ್‌ಆರ್‌ಎಫ್2 ನಾಶವಾಗದೆ ಉಳಿಯುತ್ತದೆ, ಕೋಶಕೇಂದ್ರಕ್ಕೆ ಹೋಗುತ್ತದೆ, ಅಲ್ಲಿ ನೂರಾರು ಜೀನ್‌ಗಳನ್ನು ಎಬ್ಬಿಸುತ್ತದೆ. ಗ್ಲುಟಾಥಯೋನ್ ತಯಾರಿಸುವ ಕಿಣ್ವ, ಅದನ್ನು ಮರುಬಳಕೆಗೆ ತರುವ ಕಿಣ್ವ, ವಿಷವನ್ನು ಕಟ್ಟಿ ಹೊರಹಾಕುವ ಕಿಣ್ವ ಎಲ್ಲದರ ಉತ್ಪಾದನೆ ಒಟ್ಟಿಗೇ ಏರುತ್ತದೆ. ಹೊಗೆಗೆ ಬಾರಿಸುವ ಗಂಟೆಯೂ ಅದೇ, ಬೆಂಕಿ ಆರಿಸುವವರನ್ನು ಕರೆಯುವ ಗಂಟೆಯೂ ಅದೇ. ಕೀಪ್1 ಈ ಹಿಡಿತ ಇಟ್ಟುಕೊಂಡಿದೆ ಎಂದು 1999ರಲ್ಲಿ ತೋರಿಸಿಕೊಟ್ಟವರು ಜಪಾನಿನ ಮಸಾಯುಕಿ ಯಮಾಮೊಟೊ ಅವರ ತಂಡದವರು.

ಈ ಗಂಟೆ ಇಲ್ಲದಿದ್ದರೆ ಏನಾಗುತ್ತಿತ್ತು? ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಭಾರತೀಯ ಮೂಲದ ಶ್ಯಾಮ್ ಬಿಸ್ವಾಲ್ ಅವರ ತಂಡ ಇದನ್ನು ಇಲಿಗಳಲ್ಲಿ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿತು. ಎನ್‌ಆರ್‌ಎಫ್2 ಜೀನ್ ತೆಗೆದುಹಾಕಿದ ಇಲಿಗಳಿಗೂ ಮಾಮೂಲಿ ಇಲಿಗಳಿಗೂ ತಿಂಗಳುಗಟ್ಟಲೆ ಒಂದೇ ಪ್ರಮಾಣದ ಸಿಗರೇಟಿನ ಹೊಗೆ ಕೊಟ್ಟರು. ಜೀನ್ ಇಲ್ಲದ ಇಲಿಗಳಲ್ಲಿ ಗಾಳಿಚೀಲದ ಗೋಡೆಗಳು ಒಡೆದುಹೋಗುವ ಎಂಫಿಸೀಮಾ ರೋಗ ಬೇಗ ಬಂತು, ಹೆಚ್ಚು ಹರಡಿತು. ಅದೇ ಹೊಗೆ, ಕಾವಲು ಮಾತ್ರ ಬೇರೆ.

ಇಪ್ಪತ್ತರಲ್ಲಿ ಏಕೆ ಗೊತ್ತಾಗುವುದಿಲ್ಲ?

ಈಗ ಅಣ್ಣನ ವಾದಕ್ಕೆ ಬರೋಣ. ಮೇಲೆ ಹೇಳಿದ 1987ರ ಅಧ್ಯಯನದಲ್ಲೇ ಇನ್ನೊಂದು ಅಚ್ಚರಿಯ ಅಂಶವಿತ್ತು. ನಿತ್ಯ ಸೇದುವವರ ಶ್ವಾಸಕೋಶದ ದ್ರವದಲ್ಲಿ ಗ್ಲುಟಾಥಯೋನ್ ಕಡಿಮೆಯಿರಲಿಲ್ಲ. ಸೇದದವರಿಗಿಂತ ಸುಮಾರು ಶೇ 80ರಷ್ಟು ಹೆಚ್ಚಿತ್ತು! ಹೊಗೆ ತಾಗಿದ ಕೂಡಲೇ ದಾಸ್ತಾನು ಕುಸಿಯುತ್ತದೆ. ಆಮೇಲೆ ಎನ್‌ಆರ್‌ಎಫ್2 ಆದೇಶದಂತೆ ಕೋಶಗಳು ಓವರ್‌ಟೈಮ್ ದುಡಿದು ಮೊದಲಿಗಿಂತ ಹೆಚ್ಚು ತುಂಬಿಡುತ್ತವೆ. ಇಪ್ಪತ್ತೆರಡರ ಹುಡುಗನಿಗೆ ಏನೂ ಅನ್ನಿಸದಿರುವುದಕ್ಕೆ ಈ ಓವರ್‌ಟೈಮ್ ಒಂದು ಕಾರಣ. ‘ನನಗೇನೂ ಆಗಿಲ್ಲ’ ಎಂದರೆ ಹೊಗೆ ಏನೂ ಮಾಡಿಲ್ಲ ಎಂದಲ್ಲ. ಮಾಡಿದ್ದನ್ನು ಕೋಶಗಳು ಇಲ್ಲಿಯವರೆಗೆ ಸರಿದೂಗಿಸಿವೆ ಎಂದರ್ಥ.

ಆದರೆ ಸರಿದೂಗಿಸುವಾಗಲೂ ಸೋರಿಕೆ ಇರುತ್ತದೆ. ದಿನಕ್ಕೆ 20 ಸಿಗರೇಟಿನಂತೆ ಒಂದು ವರ್ಷ ಸೇದಿದರೆ ಶ್ವಾಸಕೋಶದ ಪ್ರತಿ ಜೀವಕೋಶದ ಡಿಎನ್‌ಎಯಲ್ಲಿ ಸರಾಸರಿ 150 ಹೊಸ ತಿದ್ದುಪಡಿಗಳು ಸೇರುತ್ತವೆ ಎಂದು 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜು ಮಾಡಿದೆ. ಬಹಳಷ್ಟು ತಿದ್ದುಪಡಿಗಳಿಂದ ತೊಂದರೆಯಿಲ್ಲ. ಆಯಕಟ್ಟಿನ ಜಾಗದಲ್ಲಿ ಕೆಲವೇ ಕೆಲವು ಬಿದ್ದರೂ ಕ್ಯಾನ್ಸರ್‌ನ ದಾರಿ ತೆರೆಯುತ್ತದೆ.

ಇನ್ನೊಂದು ಸೋರಿಕೆ ಗಾಳಿಚೀಲದ ಗೋಡೆಯಲ್ಲಿ. ಹೊಗೆ ಬಂದಲ್ಲಿಗೆ ರಕ್ತದ ಬಿಳಿಕಣಗಳು ಧಾವಿಸುತ್ತವೆ. ಅವು ಎಲಾಸ್ಟೇಸ್ ಎಂಬ ಕಿಣ್ವವನ್ನು ಬಿಡುತ್ತವೆ. ಅದು ಶ್ವಾಸಕೋಶಕ್ಕೆ ರಬ್ಬರಿನ ಗುಣ ಕೊಡುವ ನಾರನ್ನೇ ಕತ್ತರಿಸಬಲ್ಲದು. ಹಾಗಾಗದಂತೆ ತಡೆಯಲು ಆಲ್ಫಾ-1 ಆ್ಯಂಟಿಟ್ರಿಪ್ಸಿನ್ ಎಂಬ ಪ್ರೋಟೀನು ರಕ್ತದಿಂದ ಬಂದು ಕಾವಲು ನಿಂತಿರುತ್ತದೆ. ಹೊಗೆಯ ಉತ್ಕರ್ಷಣಕಾರಿಗಳು ಈ ಪ್ರೋಟೀನಿನ ಮುಖ್ಯ ಜಾಗದಲ್ಲಿರುವ ಒಂದು ಮೆಥಿಯೊನೈನ್‌ಗೆ ಆಮ್ಲಜನಕ ಸೇರಿಸಿದರೆ ಸಾಕು, ಕಾವಲುಗಾರನ ಕೈ ಸೋಲುತ್ತದೆ. ಒಂದೊಂದಾಗಿ ಗೋಡೆಗಳು ಕರಗಿ, ಹತ್ತು ಸಣ್ಣ ಚೀಲಗಳಿದ್ದ ಕಡೆ ಒಂದು ದೊಡ್ಡ ಜೋಲು ಚೀಲ ಉಳಿಯುತ್ತದೆ. ಹೀಗೆ ಹೋದ ಗೋಡೆ ಮತ್ತೆ ಬೆಳೆಯುವುದಿಲ್ಲ.

ಇದರ ಲೆಕ್ಕ ನಿಧಾನವಾಗಿ ಹೊರಬೀಳುತ್ತದೆ. ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿಯ ಪ್ರಮಾಣವನ್ನು ಸ್ಪೈರೊಮೆಟ್ರಿ ಪರೀಕ್ಷೆಯಲ್ಲಿ ಅಳೆಯುತ್ತಾರೆ. ಅಮೆರಿಕ ಮತ್ತು ಕೆನಡಾದ 5,887 ಧೂಮಪಾನಿಗಳನ್ನು 11 ವರ್ಷ ಹಿಂಬಾಲಿಸಿದ ‘ಲಂಗ್ ಹೆಲ್ತ್ ಸ್ಟಡಿ’ಯಲ್ಲಿ, ಸೇದುವುದನ್ನು ಬಿಟ್ಟ ಗಂಡಸರಲ್ಲಿ ಈ ಪ್ರಮಾಣ ವರ್ಷಕ್ಕೆ ಸುಮಾರು 30 ಮಿಲಿಲೀಟರ್ ಇಳಿಯಿತು. ಸೇದುತ್ತಲೇ ಇದ್ದವರಲ್ಲಿ ಸುಮಾರು 66 ಮಿಲಿಲೀಟರ್. ಒಂದು ವರ್ಷದಲ್ಲಿ 36 ಮಿಲಿಲೀಟರ್ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ. 30 ವರ್ಷ ಕೂಡಿಸಿದರೆ ಒಂದು ಲೀಟರ್ ದಾಟುತ್ತದೆ.

ಆ ಒಂದು ಲೀಟರ್ ಹೇಗಿರುತ್ತದೆ ಎಂದು ನಾನು ದೊಡ್ಡಪ್ಪನಲ್ಲಿ ನೋಡುತ್ತಿದ್ದೇನೆ. ಚಿಕ್ಕಪೇಟೆಯ ಸೀರೆ ಅಂಗಡಿಯೊಂದರಲ್ಲಿ ನಲವತ್ತು ವರ್ಷ ಗುಮಾಸ್ತರಾಗಿದ್ದವರು. ಗಿರಾಕಿಗಳ ನಡುವೆ ಬಿಡುವು ಸಿಕ್ಕಾಗಲೆಲ್ಲ ಗಲ್ಲಿಗೆ ಬಂದು ಒಂದು ಬೀಡಿ, ಸಂಜೆ ಒಂದೆರಡು ಸಿಗರೇಟು. ಬಂಡಲುಗಟ್ಟಲೆ ಸೀರೆ ಹೊತ್ತು ಮಹಡಿ ಹತ್ತುತ್ತಿದ್ದವರು ಐವತ್ತು ದಾಟಿದ ಮೇಲೆ ಬೆಳಗ್ಗೆ ಕಫ ಕೆಮ್ಮತೊಡಗಿದರು. 58ರಲ್ಲಿ ಸ್ಪೈರೊಮೆಟ್ರಿ ಮಾಡಿಸಿದಾಗ ಸಿಒಪಿಡಿ ಎಂದು ಗೊತ್ತಾಯಿತು. ಅಂದಿನಿಂದ ಬೀಡಿ ಮುಟ್ಟಿಲ್ಲ. ಆದರೂ 64ರ ಈ ವಯಸ್ಸಿನಲ್ಲಿ ನಮ್ಮ ಹಳೇ ಕಟ್ಟಡದ ಕಿರಿದಾದ ಮೆಟ್ಟಿಲನ್ನು ಒಂದೇ ಸಲಕ್ಕೆ ಹತ್ತಲಾರರು. ಎರಡನೇ ಮಹಡಿಯ ತಿರುವಿನಲ್ಲಿ ಅವರಿಗೆಂದೇ ಒಂದು ಸ್ಟೂಲ್ ಇಟ್ಟಿದ್ದೇವೆ. ಮಗ ‘ನನಗೇನೂ ಆಗಿಲ್ಲ’ ಎಂದಾಗ ಅವರು ಬೈಯುವುದಿಲ್ಲ. ‘ನಿನ್ನ ವಯಸ್ಸಲ್ಲಿ ನಂಗೂ ಏನೂ ಆಗಿರ್ಲಿಲ್ಲ ಕಣಪ್ಪ’ ಎಂದಷ್ಟೇ ಹೇಳುತ್ತಾರೆ.

ದೊಡ್ಡಪ್ಪನಂಥವರ ಶ್ವಾಸಕೋಶದಲ್ಲಿ ಆ ಗಂಟೆಗೆ ಏನಾಯಿತು? ಜಾನ್ಸ್ ಹಾಪ್ಕಿನ್ಸ್‌ನ ಅದೇ ತಂಡ 2008ರಲ್ಲಿ ಇದಕ್ಕೂ ಉತ್ತರ ಕೊಟ್ಟಿತು. ತೀವ್ರ ಸಿಒಪಿಡಿ ಇದ್ದವರ ಶ್ವಾಸಕೋಶದಲ್ಲಿ ಎನ್‌ಆರ್‌ಎಫ್2 ಪ್ರಮಾಣವೇ ಕುಗ್ಗಿತ್ತು. ಹೊಗೆಯ ಏಟು ಹೆಚ್ಚಿರುವ ಕಡೆಯೇ ರಕ್ಷಣೆಯ ಆದೇಶ ಕಡಿಮೆ. ದಶಕಗಳ ಓವರ್‌ಟೈಮಿನ ಕೊನೆಗೆ ಬರುವ ದಣಿವು ಅದು.

ನಮ್ಮ ವಯಸ್ಸಿಗೆ ಸಂಬಂಧಿಸಿದ ಇನ್ನೊಂದು ಮಾತು. ಶ್ವಾಸಕೋಶ 20ರ ಆಸುಪಾಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ಹದಿಹರೆಯದಲ್ಲೇ ಸೇದಲು ಶುರುಮಾಡಿದವರಲ್ಲಿ ಆ ಬೆಳವಣಿಗೆಯೇ ಕುಂಠಿತವಾಗುತ್ತದೆ, ಅಂದರೆ ಖರ್ಚು ಶುರುವಾಗುವ ಮೊದಲೇ ಬಂಡವಾಳ ಕಡಿಮೆ. ಕರ್ನಾಟಕದಲ್ಲಿ ತಂಬಾಕು ಕೊಳ್ಳುವ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸಿರುವುದನ್ನು, ಬಿಡಿ ಸಿಗರೇಟಿನ ಮಾರಾಟ ನಿಷೇಧಿಸಿರುವುದನ್ನು ಈ ದೃಷ್ಟಿಯಿಂದಲೂ ನೋಡಬಹುದು.

ಮಾತ್ರೆ ನುಂಗಿದರೆ ಸಾಲದೆ?

‘ಹಾಗಾದರೆ ಆ್ಯಂಟಿಆಕ್ಸಿಡೆಂಟ್ ಮಾತ್ರೆ ತಗೊಂಡ್ರೆ ಆಯ್ತಲ್ಲ’ ಎಂದು ಗೆಳತಿಯೊಬ್ಬಳು ಕೇಳಿದ್ದಳು. ಒಳ್ಳೆಯ ಪ್ರಶ್ನೆ. ವಿಜ್ಞಾನಿಗಳೂ ಹಾಗೇ ಯೋಚಿಸಿದ್ದರು. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರನ್ನು ಆಯ್ದು, ಕೆಲವರಿಗೆ ಬೀಟಾ ಕ್ಯಾರೊಟಿನ್ ಮಾತ್ರೆ ಕೊಟ್ಟರು. ಕ್ಯಾರೆಟ್ಟಿಗೆ ಬಣ್ಣ ಕೊಡುವ ವಸ್ತು ಅದು. 1994ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ನಡೆಯುತ್ತಿದ್ದ ಇಂಥದ್ದೇ ಇನ್ನೊಂದು ಪ್ರಯೋಗದಲ್ಲೂ ಶೇ 28ರಷ್ಟು ಹೆಚ್ಚಳ ಕಂಡಿದ್ದರಿಂದ ಅದನ್ನು 1996ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು.

ಜೀವಕೋಶದ ರಕ್ಷಣೆ ಎಂದರೆ ಆ್ಯಂಟಿಆಕ್ಸಿಡೆಂಟ್ ಸುರಿಯುವುದಷ್ಟೇ ಅಲ್ಲ. ಯಾವ ಅಣು, ಎಲ್ಲಿ, ಯಾವಾಗ, ಎಷ್ಟು ಎಂಬ ಲೆಕ್ಕಾಚಾರ ಅದರಲ್ಲಿದೆ. ಎನ್‌ಆರ್‌ಎಫ್2 ಕೂಡ ಸದಾ ಎಚ್ಚರವಾಗಿದ್ದರೆ ಒಳ್ಳೆಯದಲ್ಲ. ಶ್ವಾಸಕೋಶದ ಕೆಲವು ಕ್ಯಾನ್ಸರ್‌ಗಳಲ್ಲಿ ಕೀಪ್1 ಜೀನ್ ಕೆಟ್ಟು, ಎನ್‌ಆರ್‌ಎಫ್2 ನಿಲ್ಲದೆ ದುಡಿಯುತ್ತಾ ಕ್ಯಾನ್ಸರ್ ಕೋಶಗಳನ್ನೇ ಔಷಧಿಯಿಂದ ಕಾಪಾಡುತ್ತದೆ. ಕಾವಲುಗಾರ ಯಾರನ್ನು ಕಾಯುತ್ತಿದ್ದಾನೆ ಎನ್ನುವುದೂ ಮುಖ್ಯ. ತರಕಾರಿ, ಹಣ್ಣು ಧಾರಾಳವಾಗಿ ತಿನ್ನಿ. ಅದು ಸಿಗರೇಟಿಗೆ ಪರಿಹಾರ ಎಂದುಕೊಳ್ಳಬೇಡಿ.

ಜೀವಕೋಶದ ಈ ರಸಾಯನಶಾಸ್ತ್ರವನ್ನು ಅನುಕರಿಸುವ ಕೆಲಸ ನಮ್ಮೂರಲ್ಲೂ ನಡೆದಿದೆ. ಚಿಕ್ಕಪೇಟೆಯಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಮಲ್ಲೇಶ್ವರ ದಾಟಿದರೆ ಭಾರತೀಯ ವಿಜ್ಞಾನ ಸಂಸ್ಥೆ ಹತ್ತಿರವೇ. ಅಲ್ಲಿನ ಜಿ. ಮುಗೇಶ್ ಮತ್ತು ಪ್ಯಾಟ್ರಿಕ್ ಡಿಸಿಲ್ವಾ ಅವರ ತಂಡ ವೆನೇಡಿಯಂ ಪೆಂಟಾಕ್ಸೈಡ್‌ನ ಅತಿಸೂಕ್ಷ್ಮ ತಂತಿಗಳು ಗ್ಲುಟಾಥಯೋನ್ ಪೆರಾಕ್ಸಿಡೇಸ್ ಕಿಣ್ವದಂತೆಯೇ ಕೆಲಸ ಮಾಡುತ್ತವೆ, ಜೀವಕೋಶಗಳನ್ನು ಆಕ್ಸಿಡೇಟಿವ್ ಒತ್ತಡದಿಂದ ಕಾಪಾಡುತ್ತವೆ ಎಂದು 2014ರಲ್ಲಿ ತೋರಿಸಿತು. ಮುಗೇಶ್ ಅವರಿಗೆ 2019ರ ಇನ್ಫೊಸಿಸ್ ಪ್ರಶಸ್ತಿಯೂ ಬಂತು. ಇದು ಪ್ರಯೋಗಾಲಯದ ಕೋಶಗಳಲ್ಲಿ ಕಂಡ ಫಲಿತಾಂಶ, ಸೇದುವವರಿಗೆ ಔಷಧಿಯಲ್ಲ. ವಿಜ್ಞಾನ ಓದುತ್ತಿರುವ ಗೆಳೆಯರೇ, ಈ ಕ್ಷೇತ್ರದಲ್ಲಿ ಮಾಡಬೇಕಾದ ಕೆಲಸ ಇನ್ನೂ ಬಹಳ ಇದೆ.

ಸೇದದವರ ಹೊಗೆ

ಹೊಗೆ ಎಂದರೆ ಸಿಗರೇಟು ಮಾತ್ರವಲ್ಲ. ಮೈಸೂರಿನ ಜೆಎಸ್ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರಲ್ಲಿ ಸೌದೆ ಒಲೆಯ ಹೊಗೆಯ ಪರಿಣಾಮವನ್ನು ಅಧ್ಯಯನ ಮಾಡಿದ್ದಾರೆ. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ ಎನ್ನುವುದನ್ನು ಎಷ್ಟು ವರ್ಷ ಎನ್ನುವುದರಿಂದ ಗುಣಿಸಿ ಬರುವ ಅಂಕಿ 60 ದಾಟಿದರೆ ದೀರ್ಘಕಾಲದ ಬ್ರಾಂಕೈಟಿಸ್‌ನ ಅಪಾಯ ಎದ್ದು ಕಾಣುತ್ತದೆ ಎಂದು 2013ರಲ್ಲಿ ಅವರು ಪ್ರಕಟಿಸಿದರು. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಬೇಯಿಸಿದರೆ ಆ ಅಂಕಿ ಮುಟ್ಟಿದಂತೆ. ನಮ್ಮ ಅಜ್ಜಿಯಂದಿರು ಅದನ್ನು ಯಾವಾಗಲೋ ದಾಟಿದ್ದಾರೆ. ಬೀಡಿ ಮುಟ್ಟದ ಹಳ್ಳಿಯ ಹೆಂಗಸರ ಕೆಮ್ಮಿನ ಹಿಂದೆಯೂ ಇದೇ ಉತ್ಕರ್ಷಣ ಇದೆ. ಮನೆಯೊಳಗೆ ಸೇದುವವರು ಪಕ್ಕದವರ ಕೋಶಗಳಿಗೂ ಓವರ್‌ಟೈಮ್ ಹಚ್ಚುತ್ತಾರೆ.

ಬಿಟ್ಟರೆ ಏನಾಗುತ್ತದೆ?

ಇದು ನನಗೆ ಅತಿ ಇಷ್ಟವಾದ ಭಾಗ. ಬ್ರಿಟನ್ನಿನ ವಿಜ್ಞಾನಿಗಳು 16 ಜನರ ಶ್ವಾಸನಾಳದಿಂದ ಕೋಶಗಳನ್ನು ತೆಗೆದು, ಒಂದೊಂದೇ ಕೋಶದಿಂದ 632 ಗುಂಪುಗಳನ್ನು ಬೆಳೆಸಿ ಅವುಗಳ ಡಿಎನ್‌ಎ ಓದಿದರು. 2020ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಸೇದುವವರ ಬಹುಪಾಲು ಕೋಶಗಳು ತಿದ್ದುಪಡಿಗಳಿಂದ ತುಂಬಿದ್ದವು. ಆದರೆ ಸೇದುವುದನ್ನು ಬಿಟ್ಟವರಲ್ಲಿ ಬೇರೆಯದೇ ಚಿತ್ರವಿತ್ತು. ಜೀವನದಲ್ಲಿ ಹೊಗೆಯನ್ನೇ ಕಾಣದವರ ಕೋಶಗಳಂತಿದ್ದ, ಹಾಳಾಗದ ಕೋಶಗಳು ಅವರಲ್ಲಿ ಸೇದುವವರಿಗಿಂತ ನಾಲ್ಕು ಪಟ್ಟು ಹೆಚ್ಚಿದ್ದವು. ಕೆಲವರಲ್ಲಿ ಶೇ 40ರವರೆಗೂ ಅಂಥ ಕೋಶಗಳೇ. ದಶಕಗಳ ಹೊಗೆಯ ನಡುವೆ ಎಲ್ಲೋ ಅಡಗಿ ಉಳಿದಿದ್ದ ಒಳ್ಳೆಯ ಕೋಶಗಳು, ಹೊಗೆ ನಿಂತ ಮೇಲೆ ಹೊರಬಂದು ಹಾಳಾದವುಗಳ ಜಾಗವನ್ನು ತುಂಬಿರಬೇಕು ಎಂಬುದು ಅವರ ವಿವರಣೆ.

ಕರಗಿದ ಗಾಳಿಚೀಲ ಮರಳಿ ಬರುವುದಿಲ್ಲ ಎಂದು ಮೊದಲೇ ಹೇಳಿದೆ. ದೊಡ್ಡಪ್ಪನ ಮೆಟ್ಟಿಲು ಸುಲಭವಾಗಲಾರದು. ಆದರೂ ಬಿಟ್ಟದ್ದು ವ್ಯರ್ಥವಾಗಿಲ್ಲ, ಉಳಿದಿರುವುದು ಬೇಗ ಕರಗದಂತೆ ಅದು ತಡೆದಿದೆ. ನಮ್ಮ ವಯಸ್ಸಿನವರಿಗಂತೂ ಲೆಕ್ಕ ಇನ್ನೂ ಲಾಭದ್ದು. 34,439 ಬ್ರಿಟಿಷ್ ವೈದ್ಯರನ್ನು 50 ವರ್ಷ ಹಿಂಬಾಲಿಸಿದ ರಿಚರ್ಡ್ ಡಾಲ್ ಅವರ ಅಧ್ಯಯನದ ಪ್ರಕಾರ ಸೇದುವವರು ಸರಾಸರಿ ಹತ್ತು ವರ್ಷ ಮೊದಲೇ ಸಾಯುತ್ತಾರೆ. 60ರಲ್ಲಿ ಬಿಟ್ಟರೆ ಅದರಲ್ಲಿ 3 ವರ್ಷ ಮರಳಿ ಸಿಗುತ್ತದೆ, 50ರಲ್ಲಿ ಬಿಟ್ಟರೆ 6, 40ರಲ್ಲಿ 9. 30ಕ್ಕೆ ಬಿಟ್ಟವರಿಗೆ ಬಹುತೇಕ ಪೂರ್ತಿ ಹತ್ತು ವರ್ಷವೂ ಸಿಗುತ್ತದೆ.

ಬದಲಾವಣೆ ಕೂಡಲೇ ಶುರುವಾಗುತ್ತದೆ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದಿರುತ್ತದೆ. ಬಿಟ್ಟ ಒಂದೆರಡು ದಿನಗಳಲ್ಲಿ ಅದು ಇಳಿಯುತ್ತದೆ. ಪೊಲೀಸ್ ದೈಹಿಕ ಪರೀಕ್ಷೆಯ 1,600 ಮೀಟರ್ ಓಟಕ್ಕೆ ತಯಾರಾಗುತ್ತಿರುವವರಿಗೆ ಇದಕ್ಕಿಂತ ಅಗ್ಗದ ತರಬೇತಿ ಬೇರೆ ಇಲ್ಲ. ಮುಂದಿನ ತಿಂಗಳುಗಳಲ್ಲಿ ಸೂಕ್ಷ್ಮ ರೋಮಗಳು ಮತ್ತೆ ಬೀಸತೊಡಗುತ್ತವೆ. ಆಗ ಸ್ವಲ್ಪ ದಿನ ಕೆಮ್ಮು, ಕಫ ಹೆಚ್ಚಿದರೆ ಹೆದರಬೇಡಿ, ಗುಡಿಸುವ ಕೆಲಸ ಮತ್ತೆ ಶುರುವಾಗಿದೆ ಎಂದುಕೊಳ್ಳಿ. ‘ಇ-ಸಿಗರೇಟಿಗೆ ಬದಲಾಯಿಸ್ತೀನಿ’ ಎನ್ನುವವರಿಗೆ: ಅದರ ಮಾರಾಟ 2019ರಿಂದ ದೇಶದಾದ್ಯಂತ ನಿಷಿದ್ಧ.

ಬಿಡುವುದು ಸುಲಭವಲ್ಲ. ನಿಕೋಟಿನ್ ಮೆದುಳನ್ನು ಹಿಡಿದಿರುತ್ತದೆ. ಅದರ ಮೇಲೆ ಕೆಲಸ ಸಿಗದ ಚಿಂತೆ, ಮುಂದೂಡಿದ ಪರೀಕ್ಷೆ, ಮನೆಯವರ ಪ್ರಶ್ನೆ. ಇದನ್ನು ಛಲದ ಕೊರತೆ ಎಂದು ಯಾರನ್ನೂ ಹೀಯಾಳಿಸಬಾರದು. ಸಿಗರೇಟು ಪ್ಯಾಕೆಟ್ಟಿನ ಮೇಲೆಯೇ ಮುದ್ರಿಸಿರುವ 1800-11-2356 ಉಚಿತ ಸಹಾಯವಾಣಿ. ದಕ್ಷಿಣ ಭಾರತದವರಿಗಾಗಿ ಅದರ ಕೇಂದ್ರವೊಂದು ನಮ್ಮ ನಿಮ್ಹಾನ್ಸ್‌ನಲ್ಲಿದೆ, ಕನ್ನಡದಲ್ಲೇ ಮಾತಾಡಬಹುದು.

ಅಣ್ಣನಿಗೆ ನಾನು ಈಚೆಗೆ ರೋಗಗಳ ಪಟ್ಟಿ ಹೇಳುವುದನ್ನು ನಿಲ್ಲಿಸಿದ್ದೇನೆ. ‘ನಿನಗೇನೂ ಆಗಿಲ್ಲ, ಒಪ್ತೀನಿ. ಒಳಗೆ ಒಂದಷ್ಟು ಜನ ನಿನ್ನ ಪರವಾಗಿ ಎರಡು ಶಿಫ್ಟ್ ದುಡೀತಿದ್ದಾರೆ, ಅವರಿಗೆ ಒಂದು ರಜೆ ಕೊಡು’ ಎನ್ನುತ್ತೇನೆ. ಕಳೆದ ತಿಂಗಳು ಅವನು ಆ ಸಂಖ್ಯೆಗೆ ಫೋನ್ ಮಾಡಿದ. ಎಂಟರಿಂದ ಮೂರಕ್ಕೆ ಬಂದಿದ್ದಾನೆ. ಕಡಿಮೆ ಮಾಡಿದರೆ ಸಾಲದು, ಪೂರ್ತಿ ನಿಲ್ಲಬೇಕು ಎಂದು ಅವನಿಗೂ ಗೊತ್ತು. ದಿನಾಂಕ ಅವನೇ ಗೊತ್ತುಮಾಡಿದ್ದಾನೆ: ದೈಹಿಕ ಪರೀಕ್ಷೆಗೆ ಎಂಟು ವಾರ ಮುಂಚಿನ ಸೋಮವಾರ.